ಓಡುವಾಗ ಎದೆ ಡವಡವ ಅಂದರೆ ಹೆದರಬೇಕಾ?

ಮೈಸೂರಿನ ಬ್ಯಾಂಕೊಂದರಲ್ಲಿ ಕೆಲಸ ಮಾಡುವ, ನಲವತ್ತರ ಆಸುಪಾಸಿನ ಮಹಿಳೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಹಿಂದೆ ಇವರಿಗೆ ಪ್ಯಾನಿಕ್ ಅಟ್ಯಾಕ್, ಅಂದರೆ ಇದ್ದಕ್ಕಿದ್ದಂತೆ ಎದೆ ಬಡಿದುಕೊಂಡು ವಿಪರೀತ ಭಯ ಆವರಿಸುವುದು, ಆಗುತ್ತಿತ್ತು. ಅದು ಹತೋಟಿಗೆ ಬಂದ ಮೇಲೆ ಮೈಗೂ ಮನಸ್ಸಿಗೂ ಒಳ್ಳೆಯದು ಅಂತ ಓಟ ಶುರು ಮಾಡಿದರು. ಕೆಲವೇ ದಿನಕ್ಕೆ ಮತ್ತೆ ನನ್ನ ಹತ್ತಿರ ಆಪ್ತಸಲಹೆಗೆ ಬಂದರು.

"ಮೇಡಂ, ಕುಕ್ಕರಹಳ್ಳಿ ಕೆರೆ ಹತ್ರ ಓಡ್ತಿದ್ದೆ. ಐದು ನಿಮಿಷಕ್ಕೇ ಎದೆ ಹೊಡ್ಕೊಳ್ಳೋಕೆ ಶುರುವಾಯ್ತು. ಮತ್ತೆ ಅದೇ ಬಂತು ಅಂದ್ಕೊಂಡು ಕೂತುಬಿಟ್ಟೆ. ಓಟ ನನಗಲ್ಲ ಬಿಡಿ."

ಜೊತೆಗೆ ಯಾರಿದ್ದರು ಅಂತ ಕೇಳಿದೆ. ಗಂಡ. ಕಾಲೇಜಿನ ದಿನಗಳಲ್ಲಿ ಚೆನ್ನಾಗಿ ಓಡುತ್ತಿದ್ದವರಂತೆ. ಹುರುಪು ತುಂಬೋಕೆ ಹೋಗಿ ಹೆಂಡತಿಯನ್ನು ತಮ್ಮ ವೇಗಕ್ಕೇ ಓಡಿಸಿದ್ದಾರೆ. ಒಳ್ಳೆ ಮನಸ್ಸಿನ ಗಂಡಂದಿರು ಇದನ್ನು ಬಹಳ ಮಾಡುತ್ತಾರೆ.

ಎದೆಬಡಿತ, ಏದುಸಿರು, ಬೆವರು, ಕಾಲು ನಡುಕ. ಓಡಿದಾಗ ಬರುವುದೂ ಇವೇ, ಪ್ಯಾನಿಕ್‌ನಲ್ಲಿ ಬರುವುದೂ ಇವೇ. ಒಮ್ಮೆ ಹೆದರಿದ ಮನಸ್ಸು ಎರಡಕ್ಕೂ ಒಂದೇ ಹೆಸರಿಡುತ್ತದೆ. ಹೆದರಿ ಕೂತರೆ ಆ ಕ್ಷಣಕ್ಕೆ ಹಾಯೆನಿಸುತ್ತದೆ, ಆದರೆ 'ಕೂತಿದ್ದಕ್ಕೇ ಬಚಾವಾದೆ' ಅನ್ನುವ ನಂಬಿಕೆ ಉಳಿದುಬಿಡುತ್ತದೆ. ಮುಂದಿನ ಸಲ ಭಯ ಇನ್ನೂ ಬೇಗ ಬರುತ್ತದೆ.

ಹಾಗಂತ ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟುವಂತಿಲ್ಲ. ಮೊದಲು ಡಾಕ್ಟರ್ ಹತ್ತಿರ ಕಳಿಸಿದೆ. ಇಸಿಜಿ, ಥೈರಾಯ್ಡ್ ಸರಿ ಇತ್ತು. ಹಿಮೋಗ್ಲೋಬಿನ್ ಸ್ವಲ್ಪ ಕಡಿಮೆ. ರಕ್ತ ಕಡಿಮೆಯಿದ್ದರೂ ಎದೆ ಜೋರಾಗಿ ಬಡಿಯುತ್ತದೆ, ಬೇಗ ಸುಸ್ತಾಗುತ್ತದೆ. ಡಾಕ್ಟರ್ ಐರನ್ ಮಾತ್ರೆ ಕೊಟ್ಟು, ನಿಧಾನವಾಗಿ ಓಡಬಹುದು ಅಂದರು.

ಆಮೇಲೆ ನನ್ನ ಕೋಣೆಯಲ್ಲೇ ಅವರನ್ನು ಒಂದು ನಿಮಿಷ ನಿಂತಲ್ಲೇ ಓಡಿಸಿದೆ. ಎದೆಬಡಿತವನ್ನು ಬೇಕಂತಲೇ ಬರಿಸಿ, ಅದು ತಾನಾಗೇ ಇಳಿಯುವವರೆಗೆ ಜೊತೆಗಿರುವ ಅಭ್ಯಾಸ ಇದು. ಪ್ಯಾನಿಕ್‌ಗೆ ಕೊಡುವ ಸಿಬಿಟಿ (ಯೋಚನೆ, ನಡವಳಿಕೆಗಳನ್ನು ಬದಲಿಸಿಕೊಳ್ಳಲು ಕಲಿಸುವ ಮಾತಿನ ಚಿಕಿತ್ಸೆ) ಚಿಕಿತ್ಸೆಯ ಒಂದು ಭಾಗ. ಮುಖ ಕೆಂಪಗಾಯಿತು, ಕುರ್ಚಿ ಹಿಡಿದುಕೊಂಡರು. ಸ್ವಲ್ಪ ಹೊತ್ತಿಗೆ ಬಡಿತ ಇಳಿಯಿತು. "ಇಷ್ಟೇನಾ?" ಅಂದರು. ಮತ್ತೆ ಮಾಡಿಸಿದೆ.

ಓಟಕ್ಕೆ 'ಕೌಚ್ ಟು 5ಕೆ' ಕ್ರಮ ಹೇಳಿದೆ. ಓಡಿ ಅಭ್ಯಾಸವೇ ಇಲ್ಲದವರನ್ನು ಮೆಲ್ಲಗೆ 5 ಕಿಲೋಮೀಟರ್ ಓಟಕ್ಕೆ ತಯಾರು ಮಾಡುವುದು ಇದರ ಗುರಿ. 1996ರಲ್ಲಿ ಜಾಶ್ ಕ್ಲಾರ್ಕ್ ರೂಪಿಸಿದ, 9 ವಾರಗಳ ಕ್ರಮ ಇದು. ವಾರಕ್ಕೆ ಮೂರು ದಿನ ಮಾತ್ರ. ಮೊದಲ ವಾರ 5 ನಿಮಿಷ ಬಿರುಸು ನಡಿಗೆ, ಆಮೇಲೆ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ. ಹೀಗೆ 20 ನಿಮಿಷ. ದಿನಾ ಓಡಬಾರದಾ ಅಂತ ಕೇಳಿದರು. ಬೇಡ ಅಂದೆ. ಉಸಿರು ಬೇಗ ಪಳಗುತ್ತದೆ. ಮೂಳೆ, ಸ್ನಾಯುರಜ್ಜುಗಳಿಗೆ ಜಾಸ್ತಿ ದಿನ ಬೇಕು. ಹೊಸಬರಿಗೆ ಮೊಣಕಾಲ ಕೆಳಗೆ, ಮುಂಭಾಗದ ಮೂಳೆ ಉದ್ದಕ್ಕೂ ನೋವು ಬರುವುದು ಹೆಚ್ಚಾಗಿ ಈ ಅವಸರದಿಂದಲೇ.

ಗಂಡನನ್ನೂ ಕರೆಸಿದೆ. "ಸರ್, ಮನೆ ವಿಷಯ ಮಾತಾಡ್ಕೊಂಡು ಓಡಿ. ಅವರಿಗೆ ಒಂದು ಪೂರ್ತಿ ಮಾತು ಹೇಳೋಕೆ ಆಗದಿದ್ದರೆ ವೇಗ ಜಾಸ್ತಿ ಆಯ್ತು ಅಂತ ಲೆಕ್ಕ." ಗಂಡನಿಗೆ ಇದು ಅಷ್ಟು ಹಿಡಿಸಲಿಲ್ಲ. ಇದಕ್ಕಿಂತ ನಡೆಯೋದೇ ಮೇಲು ಅಂತ ಗೊಣಗಿದರು. ಇರಬಹುದು, ಆದರೆ ಓಡಬೇಕಾದ್ದು ಅವರಲ್ಲವಲ್ಲ!

ಹೆಂಡತಿಯ ಕೈಯಲ್ಲಿದ್ದ ಸ್ಮಾರ್ಟ್‌ವಾಚ್ ಸದ್ಯಕ್ಕೆ ಮನೆಯಲ್ಲೇ ಇರಲಿ ಅಂದೆ. ಕ್ಷಣಕ್ಕೊಮ್ಮೆ ಎದೆಬಡಿತ ನೋಡುತ್ತಿದ್ದರೆ ಆತಂಕ ಹೆಚ್ಚುತ್ತದೆ ಅಷ್ಟೇ. ಆದರೆ ಎದೆ ಹಿಂಡಿದಂಥ ನೋವು, ತಲೆ ಸುತ್ತಿ ಬೀಳುವ ಹಾಗಾಗುವುದು, ನಿಂತ ಮೇಲೂ ಇಳಿಯದ ಬಡಿತ, ಇವು ಬಂದರೆ ಅಭ್ಯಾಸದ ಮಾತೇ ಇಲ್ಲ, ಕೂಡಲೇ ಆಸ್ಪತ್ರೆಗೆ ಹೋಗಬೇಕು ಅಂತಲೂ ಬರೆದು ಕೊಟ್ಟೆ.

ಮೂರನೇ ವಾರದ ಪಾಠ ಕಷ್ಟವಾಗಿ ಅದನ್ನೇ ಮತ್ತೊಂದು ವಾರ ಮಾಡಿದರು. ಒಂದು ದಿನ ಆ ಭಯ ಮತ್ತೆ ಬಂತಂತೆ. ಈ ಸಲ ಕೂರಲಿಲ್ಲ, ನಡೆದರು, ಆಮೇಲೆ ಓಡಿದರು. ಗಂಡ ಈಗಾಗಲೇ 10ಕೆ (10 ಕಿಲೋಮೀಟರ್) ಓಟಕ್ಕೆ ಹೆಸರು ಕೊಡೋಣ ಅಂತಿದ್ದಾರೆ. ಇವರು ಇನ್ನೂ ಒಪ್ಪಿಲ್ಲ. ನಾನೂ ಒತ್ತಾಯ ಮಾಡಿಲ್ಲ.