15 ವರ್ಷದ ವ್ಯಾಗನ್ ಆರ್: ಕೊಡುವ ಮೊದಲು ಕಾಲಡಿಯ ಮ್ಯಾಟ್ ಎತ್ತಿ ನೋಡಿ

ಮೇಡಂ, ನಿಮ್ಮ ತಂದೆಯವರ 2011ರ ವ್ಯಾಗನ್ ಆರ್ ಕೊಟ್ಟು ಹೊಸ ಕಾರು ತೆಗೆದುಕೊಳ್ಳಲೋ, ರಿಪೇರಿ ಮಾಡಿಸಿ ಇಟ್ಟುಕೊಳ್ಳಲೋ ಅಂತ ಇಲ್ಲಿ ಕೇಳಿದ್ದಿರಿ. ಸದ್ಯಕ್ಕೆ ಕಾರು ಕೊಡಬೇಡಿ. ಶೋರೂಮಿನವರು ಎಕ್ಸ್‌ಚೇಂಜ್‌ಗೆ 45 ಸಾವಿರ ಅಂದಿದ್ದಾರೆ, ಗ್ಯಾರೇಜಿನವರು 38 ಸಾವಿರದ ಕೆಲಸ ಇದೆ ಅಂತ ಪಟ್ಟಿ ಕೊಟ್ಟಿದ್ದಾರೆ, ಎರಡನ್ನೂ ಪಕ್ಕಪಕ್ಕ ಇಟ್ಟರೆ ಯಾರಿಗಾದರೂ ಮಾರಿಬಿಡೋಣ ಅನ್ನಿಸುತ್ತದೆ. ಆದರೆ ಆ 38 ಸಾವಿರವನ್ನು ಹೊಸ ಕಾರಿನ ಖರ್ಚಿನ ಪಕ್ಕ ಇಟ್ಟು ನೋಡಿ. ಆರೂವರೆ ಲಕ್ಷದ ಪೆಟ್ರೋಲ್ ಕಾರಿಗೆ ನಮ್ಮಲ್ಲಿ ಲೈಫ್ ಟ್ಯಾಕ್ಸ್ 14%, ಅಂದರೆ 91,000 ರೂಪಾಯಿ, ಮೇಲೆ ಸೆಸ್ ಬೇರೆ. ಕಾರು ಮನೆಗೆ ಬರುವ ಮೊದಲೇ ಹೋಗುವ ದುಡ್ಡು ಇದು. 2025ರ ಸೆಪ್ಟೆಂಬರ್‌ನಲ್ಲಿ ಸಣ್ಣ ಕಾರುಗಳ ಜಿಎಸ್‌ಟಿ 18%ಗೆ ಇಳಿಯಿತು ಅಂತ ನಿಮ್ಮ ಮಗ ಹೇಳಿದ್ದು ನಿಜ. ಆದರೂ ರಾಜಾಜಿನಗರದಿಂದ ಮಲ್ಲೇಶ್ವರಕ್ಕೆ, ಬಸವನಗುಡಿಗೆ ಅಂತ ತಿಂಗಳಿಗೆ 400 ಕಿಲೋಮೀಟರ್ ಓಡಿಸುವವರಿಗೆ ಐದು ವರ್ಷದ ಇಎಂಐ ಯಾಕೆ?

ನಿಮ್ಮ ಭಾವ ಹೆದರಿಸಿದ ವಿಷಯ ಮೊದಲು ಮುಗಿಸೋಣ. 15 ವರ್ಷ ಆದ ಪೆಟ್ರೋಲ್ ಕಾರನ್ನು ಓಡಿಸುವ ಹಾಗಿಲ್ಲ ಅನ್ನುವುದು ದೆಹಲಿ ಸುತ್ತಮುತ್ತಲಿಗೆ ಬಂದಿದ್ದ ಆದೇಶ. 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಬೆಂಗಳೂರಿಗೆ ಅದು ಬರುವುದಿಲ್ಲ. ಇಲ್ಲಿ 15 ವರ್ಷ ತುಂಬಿದ ಸ್ವಂತ ಕಾರಿಗೆ ಆರ್‌ಸಿ ನವೀಕರಣ ಮಾಡಿಸಬೇಕು, ಎಲ್ಲರೂ ಎಫ್‌ಸಿ ಅನ್ನುತ್ತಾರಲ್ಲ ಅದು. ಒಮ್ಮೆ ಮಾಡಿಸಿದರೆ ಐದು ವರ್ಷ.

ನನ್ನದು 2006ರ ವ್ಯಾಗನ್ ಆರ್. 2021ರಲ್ಲಿ ಮಾಡಿಸಿದಾಗ ಫೀ 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ ಅದು 5,000 ಆಗಿದೆ, 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000 ಮಾಡಿದ್ದಾರೆ. ನಿಮ್ಮದು 2011ರ ಮಾರ್ಚ್, ಹಾಗಾಗಿ 5,000. ಜೊತೆಗೆ ಗ್ರೀನ್ ಟ್ಯಾಕ್ಸ್ 500. ಅವಧಿ ಮುಗಿಯುವ 60 ದಿನ ಮುಂಚಿನಿಂದ ಫಾರಂ 25 ಹಾಕಬಹುದು. ತಡ ಮಾಡಿದರೆ ಕಾರಿಗೆ ತಿಂಗಳಿಗೆ 500ರಂತೆ ದಂಡ ಕೂಡುತ್ತಾ ಹೋಗುತ್ತದೆ. ಇನ್ಶೂರೆನ್ಸ್, ಎಮಿಷನ್ ಎರಡೂ ಚಾಲ್ತಿಯಲ್ಲಿರಲಿ, ಟ್ರಾಫಿಕ್ ಫೈನ್ ಬಾಕಿ ಇದ್ದರೆ ಕಟ್ಟಿಬಿಡಿ, ಹೊಸ ನಮೂನೆಯ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಹಾಕಿಸಿರಬೇಕು. ಕಾರು ಇನ್ನೂ ತೀರಿಹೋದ ನಿಮ್ಮ ತಂದೆಯವರ ಹೆಸರಲ್ಲೇ ಇದೆ ಅಂದಿರಿ. ಅದಕ್ಕೆ ಫಾರಂ 31 ಇದೆ, ವಾರಸುದಾರರ ಹೆಸರಿಗೆ ಬದಲಾಯಿಸಲು. ಅದನ್ನು ಮೊದಲು ಮಾಡಿಸಿ. ಸಾಲದಲ್ಲಿ ತೆಗೆದ ಕಾರಾಗಿದ್ದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಉಳಿದಿದೆಯಾ ಅಂತಲೂ ನೋಡಿಕೊಳ್ಳಿ, ಸುಮಾರು ಜನ ಸಾಲ ತೀರಿಸಿ ಅದನ್ನು ಮರೆತಿರುತ್ತಾರೆ.

ಈಗ ಕಾರಿಗೆ ಬರೋಣ. ಇಟ್ಟುಕೊಳ್ಳಬೇಕೋ ಬೇಡವೋ ಅಂತ ಹೇಳುವುದು ಎಂಜಿನ್ ಅಲ್ಲ, ತಗಡು. ಎಂಜಿನ್ ಬಿಚ್ಚಿ ಜೋಡಿಸಬಹುದು, ಗೇರ್‌ಬಾಕ್ಸ್ ಬದಲಾಯಿಸಬಹುದು, ನೆಲದ ತಗಡು ಕೊಳೆತರೆ ಮಾತ್ರ ಕಷ್ಟ. ನಮ್ಮ ಪುಣ್ಯಕ್ಕೆ ಬೆಂಗಳೂರು ಸಮುದ್ರದಿಂದ ದೂರ, ಮಂಗಳೂರಿನ ಕಾರುಗಳಿಗೆ ಹಿಡಿಯುವ ಹಾಗೆ ಇಲ್ಲಿ ತುಕ್ಕು ಹಿಡಿಯುವುದಿಲ್ಲ. ಇಲ್ಲಿ ನೀರು ಬೇರೆ ದಾರಿಯಲ್ಲಿ ಬರುತ್ತದೆ. ವೈಪರ್ ಕೆಳಗಿನ ಜಾಲರಿ ಇದೆಯಲ್ಲ, ಅದರ ಒಳಗೆ ಮಳೆನೀರು ಹರಿದುಹೋಗಲು ತೂತು ಇರುತ್ತದೆ. ನಮ್ಮ ಬೀದಿಯಲ್ಲಿ ಕಾರು ನಿಲ್ಲಿಸುವುದು ಹೊಂಗೆ ಮರದ ಕೆಳಗೆ. ಒಂದು ಮೇ ತಿಂಗಳಲ್ಲಿ ಮಳೆ ಬಂದ ಮಾರನೇ ದಿನ ಕಾರಿನೊಳಗೆ ಒದ್ದೆ ಗೋಣಿಚೀಲದ ವಾಸನೆ. ಜಾಲರಿ ತೆಗೆದರೆ ಒಳಗೆ ಒಂದು ಬೊಗಸೆ ಹೊಂಗೆ ಹೂವು, ಕಪ್ಪಗೆ ಕೊಳೆತು ಗಂಜಿಯಂತಾಗಿತ್ತು. ನೀರಿಗೆ ದಾರಿಯಿಲ್ಲದೆ ಡ್ಯಾಶ್‌ಬೋರ್ಡ್ ಹಿಂದಿನಿಂದ ಇಳಿದು ಕಾರ್ಪೆಟ್ ಅಡಿಯಲ್ಲಿ ನಿಂತಿತ್ತು. ಎಷ್ಟು ದಿನದಿಂದ ನಿಂತಿತ್ತೋ, ತಗಡಿನ ಮೇಲೆ ಆಗಲೇ ಕಂದು ಕಲೆ. ಉಜ್ಜಿ, ಪ್ರೈಮರ್ ಹೊಡೆಸಿ, ಬಣ್ಣ ಹಚ್ಚಿಸಿದೆ. ಇನ್ನೊಂದು ಮಳೆಗಾಲ ಬಿಟ್ಟಿದ್ದರೆ ತೂತೇ ಬೀಳುತ್ತಿತ್ತು.

ಹಾಗಾಗಿ ನೀವು ಮಾಡಬೇಕಾದ ಮೊದಲ ಕೆಲಸ, ಮುಂದಿನ ಎರಡೂ ಸೀಟಿನ ಕಾಲಡಿಯ ಮ್ಯಾಟ್ ಎತ್ತಿ, ಕಾರ್ಪೆಟ್ಟನ್ನೂ ಅಂಚಿನಿಂದ ಸ್ವಲ್ಪ ಎತ್ತಿ, ಬೆರಳಿನಿಂದ ಒತ್ತಿ ನೋಡುವುದು. ಕಲೆ ಇದ್ದರೆ ಪರವಾಗಿಲ್ಲ. ಸ್ಕ್ರೂಡ್ರೈವರ್‌ನಿಂದ ಚುಚ್ಚಿದಾಗ ತಗಡು ಬಿಸ್ಕತ್ತಿನ ಹಾಗೆ ಉದುರಿದರೆ ಮಾತ್ರ ನನ್ನ ಮಾತು ಬಿಟ್ಟು 45 ಸಾವಿರ ತೆಗೆದುಕೊಳ್ಳಿ. ಚಾಸಿಸ್ ನಂಬರ್ ಕೆತ್ತಿದ ಜಾಗವನ್ನೂ ಒರೆಸಿ ನೋಡಿ. ಎಫ್‌ಸಿಗೆ ಹೋದಾಗ ಅದರ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಾರೆ, ಅಕ್ಷರ ಸ್ಪಷ್ಟವಾಗಿ ಏಳಬೇಕು. ತುಕ್ಕು ಕೂತಿದ್ದರೆ ಮೆತ್ತಗೆ ಎಣ್ಣೆ ಹಚ್ಚಿ ಒರೆಸಿ. ಮರಳುಕಾಗದ ಹಾಕಿ ಉಜ್ಜಬೇಡಿ, ಅಕ್ಷರ ಸವೆದರೆ ದೊಡ್ಡ ತಲೆನೋವು.

ಇನ್ನು ಗ್ಯಾರೇಜಿನ ಪಟ್ಟಿ. ಕ್ಲಚ್ ಸೆಟ್ ಬೇಕು ಅಂದಿದ್ದಾರೆ, ಆದರೆ ನೀವು ಬರೆದಿರುವುದು ಪೆಡಲ್ ಗಟ್ಟಿ ಅಂತ. ಈ ಕಾರಿನಲ್ಲಿ ಕ್ಲಚ್ ಕೇಬಲ್ ಇರುವುದು. ಮೊದಲು ಕೇಬಲ್ ಬದಲಾಯಿಸಿ, ಕೆಲವು ನೂರು ರೂಪಾಯಿಯ ಮಾತು. ಏರು ರಸ್ತೆಯಲ್ಲಿ ಮೂರನೇ ಗೇರ್‌ನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಸದ್ದು ಏರಿ ಕಾರು ಮಾತ್ರ ಮುಂದೆ ಎಳೆಯದಿದ್ದರೆ ಆಗ ಕ್ಲಚ್ ಪ್ಲೇಟ್ ಹೋಗಿದೆ ಅಂತ ಒಪ್ಪಿಕೊಳ್ಳೋಣ. ಹಂಪ್ ಮೇಲೆ ಕಟಕಟ ಅನ್ನುವುದಕ್ಕೆ ನಾಲ್ಕು ಶಾಕ್ ಅಬ್ಸಾರ್ಬರ್ ಬರೆದಿದ್ದಾರೆ. ಕಾರಿನ ಒಂದೊಂದು ಮೂಲೆಯನ್ನೂ ಒತ್ತಿ ಬಿಡಿ, ಒಮ್ಮೆ ಎದ್ದು ನಿಂತರೆ, ಎಣ್ಣೆಯೂ ಸೋರದಿದ್ದರೆ ಶಾಕ್ ಚೆನ್ನಾಗಿದೆ. ಸದ್ದು ಸಸ್ಪೆನ್ಷನ್ ಕೀಲುಗಳಲ್ಲಿರುವ ರಬ್ಬರ್ ಬುಷ್‌ನದ್ದೇ ಇರಬೇಕು. ಡೀಕಾರ್ಬನ್ ಅಂದರೆ ಎಂಜಿನ್ ಒಳಗಿನ ಮಸಿ ತೆಗೆಯುವುದು, ಟೆಫ್ಲಾನ್ ಕೋಟಿಂಗ್ ಅಂದರೆ ಬಣ್ಣದ ಮೇಲಿನ ಹೊಳಪಿನ ಲೇಪ, ಎರಡನ್ನೂ ಪಟ್ಟಿಯಿಂದ ಹೊಡೆದುಹಾಕಿ. ಟೈಮಿಂಗ್ ಬೆಲ್ಟ್ ಚಿಂತೆ ನಿಮಗಿಲ್ಲ, ನಿಮ್ಮದು ಕೆ ಸರಣಿಯ 998 ಸಿಸಿ ಎಂಜಿನ್, ಅದರಲ್ಲಿ ಚೈನ್ ಇದೆ. ನನ್ನ ಹಳೆಯ 1061 ಸಿಸಿಯಲ್ಲಿ ಬೆಲ್ಟ್. ಥರ್ಡ್ ಪಾರ್ಟಿ ಇನ್ಶೂರೆನ್ಸ್‌ಗೂ ನಿಮಗೇ ಲಾಭ, ಸಾವಿರ ಸಿಸಿ ಒಳಗೆ 2,094, ಮೇಲಿನದಕ್ಕೆ 3,416, ಜಿಎಸ್‌ಟಿ ಬೇರೆ.

ನನಗೆ ಜಾಸ್ತಿ ಚಿಂತೆ ಆಗಿದ್ದು ಸಿಗ್ನಲ್‌ನಲ್ಲಿ ಎಸಿ ಹಾಕಿದರೆ ಬಿಸಿಯಾಗುತ್ತದೆ ಅಂದಿದ್ದಕ್ಕೆ. ಇದನ್ನು ಒಂದು ದಿನವೂ ಮುಂದೂಡಬೇಡಿ. 2017ರ ಏಪ್ರಿಲ್‌ನಲ್ಲಿ ಸಿಲ್ಕ್ ಬೋರ್ಡ್ ಹತ್ತಿರ ನನ್ನ ಕಾರಿನ ಸೂಜಿ ಕೆಂಪಿಗೆ ಹೋಯಿತು. ಇನ್ನೇನು ಸಿಗ್ನಲ್ ಬಿಡುತ್ತದೆ ಅಂತ ಆಫ್ ಮಾಡದೆ ಕಾದೆ. ಎಂಜಿನ್ನಿನ ಮೇಲ್ಭಾಗದ (ಹೆಡ್) ಅಡಿಯ ಗ್ಯಾಸ್ಕೆಟ್ ಹೋಯಿತು, ಹೆಡ್ಡನ್ನು ವರ್ಕ್‌ಶಾಪಿಗೆ ಕಳಿಸಿ ಮೇಲ್ಮೈ ಸಮ ಮಾಡಿಸಬೇಕಾಯಿತು. ರೇಡಿಯೇಟರ್ ಬಿಚ್ಚಿದಾಗ ಬಂದ ನೀರು ಕಾಫಿ ಡಿಕಾಕ್ಷನ್ ಬಣ್ಣ, ತಳದಲ್ಲಿ ಸುಣ್ಣದ ಚೂರು. ಮೊದಲಿನ ಗ್ಯಾರೇಜಿನವರು ವರ್ಷಗಟ್ಟಲೆ ಕೂಲೆಂಟ್ ಬದಲು ಬೋರ್‌ವೆಲ್ ನೀರು ತುಂಬಿದ್ದರು, ಎಂಜಿನ್ ಬಿಸಿಗೆ ತಕ್ಕಂತೆ ಕೂಲೆಂಟ್ ಹರಿವನ್ನು ತೆರೆದು ಮುಚ್ಚುವ ಥರ್ಮೋಸ್ಟ್ಯಾಟ್ ವಾಲ್ವ್ ಕೂಡ ಕಿತ್ತು ಹಾಕಿದ್ದರು. ನಮ್ಮ ಊರಿನ ಬೋರ್ ನೀರಿಗೆ ಗೀಸರ್ ಕಾಯಿಲ್ ಏನಾಗುತ್ತದೆ ಅಂತ ಗೊತ್ತಲ್ವಾ, ರೇಡಿಯೇಟರ್ ನಳಿಕೆಗಳಿಗೂ ಅದೇ. ನಿಮ್ಮ ಕಾರಿನಲ್ಲಿ ಮೊದಲು ಎಸಿ ಹಾಕಿ ಬಾನೆಟ್ ಎತ್ತಿ, ಫ್ಯಾನ್ ತಿರುಗುತ್ತಿದೆಯಾ ನೋಡಿ. ತಿರುಗದಿದ್ದರೆ ಫ್ಯೂಸ್, ರಿಲೇ, ಮೋಟಾರ್, ಈ ಸಾಲಿನಲ್ಲಿ ಪರೀಕ್ಷೆ ಮಾಡಿಸಿ. ಹೊಸ ರೇಡಿಯೇಟರ್ ಆಮೇಲಿನ ಮಾತು. ಮೇಲಿನ, ಕೆಳಗಿನ ಹೋಸ್ ಪೈಪು, ಮುಚ್ಚಳ, ಥರ್ಮೋಸ್ಟ್ಯಾಟ್, ಇಷ್ಟನ್ನೂ ಒಂದೇ ಸಲ ಬದಲಾಯಿಸಿ ಡಿಸ್ಟಿಲ್ಡ್ ವಾಟರ್ ಸೇರಿಸಿದ ಕೂಲೆಂಟ್ ತುಂಬಿಸಿ. ಬಿಸಿ ಇದ್ದಾಗ ಮುಚ್ಚಳ ಮುಟ್ಟಲೇಬೇಡಿ.

ಪಟ್ಟಿಯಲ್ಲಿ ಬ್ರೇಕ್ ಹೆಸರೇ ಇಲ್ಲದಿರುವುದು ನನಗೆ ಸರಿ ಕಾಣಲಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಹಿಂದಿನ ಚಕ್ರಗಳ ಬ್ರೇಕ್ ಡ್ರಮ್ ಬಿಚ್ಚಿಸಿ, ಒಳಗೆ ಬ್ರೇಕ್ ಒತ್ತುವ ವೀಲ್ ಸಿಲಿಂಡರ್ ಸೋರುತ್ತಿದೆಯಾ ನೋಡಿಸಿ. ಟೈರ್ ಪಕ್ಕದಲ್ಲಿ ನಾಲ್ಕಂಕಿ ಇರುತ್ತದೆ, 2318 ಅಂತಿದ್ದರೆ 2018ರ 23ನೇ ವಾರದ ಟೈರ್. ಆರು ವರ್ಷ ದಾಟಿದ್ದರೆ ಟೈರಿನ ಗೀರುಗಳು ಆಳವಾಗಿದ್ದರೂ ತೆಗೆಸಿ, ರಬ್ಬರ್ ಒಣಗಿರುತ್ತದೆ, ಮೊದಲ ಮಳೆಗೇ ಜಾರುತ್ತದೆ. ಈಗ ಬಂಕಿನಲ್ಲಿ ಬರುವುದು 20% ಎಥನಾಲ್ ಬೆರೆತ ಪೆಟ್ರೋಲ್, ಹಳೆಯ ಪೆಟ್ರೋಲ್ ಹೋಸ್‌ಗೆ ಅದು ಒಗ್ಗುವುದಿಲ್ಲ. ಹೋಸ್ ಹೊಸದು ಹಾಕಿಸಿ. ಮೈಲೇಜ್ ಸ್ವಲ್ಪ ಇಳಿದಿರುವುದಕ್ಕೂ ಇದು ಒಂದು ಕಾರಣ.

ಪಾರ್ಟ್ಸ್‌ಗೆ ಬೆಂಗಳೂರಿನ ಬಿಡಿಭಾಗಗಳ ಅಂಗಡಿ ಬೀದಿ ಜೆಸಿ ರೋಡಿಗೆ ನೀವೇ ಹೋಗಿ, ಹಳೆಯ ಪಾರ್ಟ್ ಕೈಯಲ್ಲಿ ಹಿಡಿದುಕೊಂಡು. ವ್ಯಾಗನ್ ಆರ್ ಅಂತ ಬರೀ ಹೆಸರು ಹೇಳಿದರೆ ಹಳೆಯ ಎಂಜಿನ್ನಿನದು ಕೊಟ್ಟುಬಿಡುತ್ತಾರೆ, ಇಸವಿ, ಪಾರ್ಟ್ ನಂಬರ್ ಎರಡನ್ನೂ ಹೇಳಿ. ಬ್ರೇಕ್, ಕೂಲಿಂಗ್, ಸ್ಟೀರಿಂಗ್‌ಗೆ ಕಂಪನಿಯದೇ ಬೇಕು. ಬಾಗಿಲ ಹಿಡಿ, ಲೈಟಿನ ಗಾಜು ಗುಜರಿಯಲ್ಲಿ ಸಿಕ್ಕರೂ ಸಾಕು.

ಒಂದು ಮಾತು ಮುಚ್ಚಿಡದೆ ಹೇಳುತ್ತೇನೆ. ಡ್ರೈವರ್ ಏರ್‌ಬ್ಯಾಗ್ ಕಡ್ಡಾಯವಾಗಿದ್ದು 2019ರಲ್ಲಿ. ನಿಮ್ಮದರಲ್ಲಿ ಇಲ್ಲದಿದ್ದರೆ ಊರೊಳಗೆ ಓಡಿಸಿ, ಹಾಸನಕ್ಕೆ ಅಮ್ಮನನ್ನು ಕರೆದುಕೊಂಡು ಹೋಗುವಾಗ ರೈಲೋ ಬಾಡಿಗೆ ಕಾರೋ ನೋಡಿಕೊಳ್ಳಿ. ಮಳೆಗೆ ರಸ್ತೆ ತುಂಬಿದಾಗ ನೀರಿಗೆ ಇಳಿಸಬೇಡಿ. ಇಳಿದು ಎಂಜಿನ್ ನಿಂತರೆ ಮತ್ತೆ ಸೆಲ್ಫ್ ಹೊಡೆಯಬೇಡಿ, ತಳ್ಳಿಸಿ ಪಕ್ಕಕ್ಕೆ ನಿಲ್ಲಿಸಿ. ಥರ್ಡ್ ಪಾರ್ಟಿಯಲ್ಲಿ ಆ ನಷ್ಟಕ್ಕೆ ಒಂದು ಪೈಸೆ ಬರುವುದಿಲ್ಲ.

ಈ ಭಾನುವಾರ ಬೆಳಕಿರುವಾಗ ಮೂರು ಫೋಟೋ ತೆಗೆದು ಇಲ್ಲೇ ಹಾಕಿ: ಮ್ಯಾಟ್ ಕೆಳಗಿನ ತಗಡು, ಟೈರಿನ ನಾಲ್ಕಂಕಿ, ಎಂಜಿನ್ ತಣ್ಣಗಿರುವಾಗ ಕೂಲೆಂಟ್ ಡಬ್ಬಿ. ಕೂಲೆಂಟ್ ಹಸಿರಾಗಿದೆಯೋ ಕಂದಾಗಿದೆಯೋ ನೋಡಿಕೊಂಡು ಗ್ಯಾರೇಜಿಗೆ ಏನು ಹೇಳಬೇಕು ಅಂತ ಬರೆಯುತ್ತೇನೆ.