ಉತ್ತರ: ಇಎಲ್34 ಆಂಪ್ ಇಟ್ಟುಕೊಳ್ಳಬೇಕಾ, ಈಗಲೇ ಮಾರಿಬಿಡಬೇಕಾ?

ನೀವು ಕೇಳಿರೋದು ಇಷ್ಟು: ದೊಡ್ಡ ಆಡಿಯೋ ಕಂಪನಿಗಳು ಒಂದೊಂದಾಗಿ ಕೈ ಬದಲಾಯಿಸುತ್ತಿವೆ, ಟ್ಯೂಬ್ ಮಾಡುವ ಕಾರ್ಖಾನೆಗಳು ಬೆರಳೆಣಿಕೆಯಷ್ಟೇ ಉಳಿದಿವೆ, ಹತ್ತು ವರ್ಷ ಹಳೆಯ ಇಎಲ್34 ಪುಶ್-ಪುಲ್ ಆಂಪನ್ನು (ಇಎಲ್34 ಅನ್ನೋ ಪವರ್ ಟ್ಯೂಬ್‌ಗಳು ಜೋಡಿಯಾಗಿ ಕೆಲಸ ಮಾಡುವ ಆಂಪ್ಲಿಫೈಯರ್) ಬೆಲೆ ಇರುವಾಗಲೇ ಮಾರಿಬಿಡಲೇ ಅಂತ. ಮಾರಬೇಡಿ. ನಿಮ್ಮ ಆಂಪ್ ಎಷ್ಟು ವರ್ಷ ಬಾಳುತ್ತದೆ ಅನ್ನೋದನ್ನು ತೀರ್ಮಾನಿಸೋದು ಮುಂದಿನ ಹೆಸರಿನ ಫಲಕವಲ್ಲ, ಹಿಂದಿರುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ (ಟ್ಯೂಬ್‌ಗಳನ್ನು ಸ್ಪೀಕರಿಗೆ ಜೋಡಿಸುವುದು) ಮತ್ತು ಅದರ ಸರ್ಕ್ಯೂಟ್ ಚಿತ್ರ.

ಮೊದಲು ಕಂಪನಿಗಳ ಸಂಗತಿ. ಟ್ಯೂಬ್ ಆಂಪ್ ಮಾಡುವ ಆಡಿಯೋ ರಿಸರ್ಚ್ ಹಣಕಾಸಿನ ಇಕ್ಕಟ್ಟಿಗೆ ಸಿಕ್ಕಿ 2023ರಲ್ಲಿ ಹೊಸ ಮಾಲೀಕರ ಪಾಲಾಯಿತು. 2024ರ ನವೆಂಬರ್‌ನಲ್ಲಿ ಆಂಪ್ ಮಾಡುವ ಮ್ಯಾಕಿಂಟಾಶ್ ಮತ್ತು ಸ್ಪೀಕರ್ ಮಾಡುವ ಸೋನಸ್ ಫಾಬರ್ ಎರಡನ್ನೂ ಬೋಸ್ ಕೊಂಡಿತು. 2025ರಲ್ಲಿ ಮರಾಂಟ್ಜ್, ಡೆನಾನ್, ಬೋವರ್ಸ್ ಅಂಡ್ ವಿಲ್ಕಿನ್ಸ್ ಮೂರೂ ಹಾರ್ಮನ್ ಕೈಗೆ ಹೋದವು. ಆ ಹಾರ್ಮನ್ ಇರೋದು ಸ್ಯಾಮ್‌ಸಂಗ್ ಕೈಯಲ್ಲಿ. ಮಾಲೀಕ ಬದಲಾದ ಕೂಡಲೇ ಸರ್ವಿಸ್ ನಿಂತುಹೋಗುತ್ತದೆ ಅಂತೇನಿಲ್ಲ. ಆದರೆ ಕಂಪನಿ ಮುಚ್ಚಿದಾಗ ಮೊದಲು ಕಾಣೆಯಾಗೋದು ಸರ್ವಿಸ್ ಮ್ಯಾನ್ಯುಯಲ್ ಮತ್ತು ಪ್ರೋಗ್ರಾಂ ತುಂಬಿದ ಚಿಪ್‌ಗಳು. ಆಟೋ ಬಯಾಸ್ (ಸಿಗ್ನಲ್ ಇಲ್ಲದಾಗ ಟ್ಯೂಬಿನಲ್ಲಿ ಹರಿಯುವ ಕರೆಂಟನ್ನು ತಾನೇ ಹೊಂದಿಸೋದು) ನೋಡಿಕೊಳ್ಳುವ ಮೈಕ್ರೋಕಂಟ್ರೋಲರ್, ಡಿಸ್‌ಪ್ಲೇ ಬೋರ್ಡ್, ಸ್ಟ್ರೀಮಿಂಗ್ ಮಾಡ್ಯೂಲ್, ಇವಕ್ಕೆ ಹೊರಗೆಲ್ಲೂ ಬದಲಿ ಸಿಗಲ್ಲ. ರೆಸಿಸ್ಟರ್, ಕೆಪಾಸಿಟರ್, ಸಾಕೆಟ್ ಯಾವ ಕಾಲಕ್ಕೂ ಸಿಗುತ್ತವೆ.

ಡೈನಾಕೋ ಎಸ್‌ಟಿ-70 ಆಂಪ್ ನೋಡಿ. 1959ರದ್ದು, ಮಾಡಿದ ಮೂಲ ಕಂಪನಿ ಹೋಗಿ ಎಷ್ಟೋ ಕಾಲವಾಯಿತು. ಅದರ 7199 ಡ್ರೈವರ್ ಟ್ಯೂಬ್ (ಪವರ್ ಟ್ಯೂಬಿಗೆ ಸಿಗ್ನಲ್ ಕೊಡುವುದು) ಸಿಗೋದು ಕಷ್ಟವಾದಾಗ ಜನ ಡ್ರೈವರ್ ಬೋರ್ಡನ್ನೇ ಬೇರೆ ಟ್ಯೂಬಿಗೆ ಮಾಡಿಕೊಂಡರು. ಸರ್ಕ್ಯೂಟ್ ಎಲ್ಲರ ಕೈಲಿತ್ತು, ಅದಕ್ಕೇ ಸಾಧ್ಯವಾಯಿತು. ಮ್ಯಾಕಿಂಟಾಶ್ ಎಂಸಿ275 ಆಂಪಿನ ಕತೆ ಬೇರೆ. ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ಆನೋಡ್ (ಪ್ಲೇಟ್) ಸುರುಳಿ ಮತ್ತು ಕ್ಯಾಥೋಡ್ ಸುರುಳಿ ಜೊತೆಜೊತೆಗೇ ಸುತ್ತಿರುತ್ತವೆ. ಅದು ಸುಟ್ಟರೆ ಸಾಮಾನ್ಯ ಪುಶ್-ಪುಲ್ ಟ್ರಾನ್ಸ್‌ಫಾರ್ಮರ್ ಕೂರಿಸೋಕೆ ಆಗಲ್ಲ. ಎಂಥ ಒಳ್ಳೆ ಆಂಪಾದರೂ ಕೊಳ್ಳುವ ಮುಂಚೆ ಬದಲಿ ಟ್ರಾನ್ಸ್‌ಫಾರ್ಮರ್ ಸಿಗುತ್ತದಾ ಅಂತ ವಿಚಾರಿಸಿ.

ಇನ್ನು ಟ್ಯೂಬ್ ಪೂರೈಕೆ. ಸ್ಲೊವಾಕಿಯಾದಲ್ಲಿ ಜೆಜೆ, ರಷ್ಯಾದ ಸರಾಟೋವ್‌ನಲ್ಲಿ ನ್ಯೂ ಸೆನ್ಸರ್ ಕಾರ್ಖಾನೆ, ಚೀನಾದಲ್ಲಿ ಸ್ವೇನ್ ಥರದ ತಯಾರಕರು, ಅಮೆರಿಕದ ಜಾರ್ಜಿಯಾದಲ್ಲಿ ಮುಖ್ಯವಾಗಿ 300ಬಿ ಮಾಡುವ ವೆಸ್ಟರ್ನ್ ಎಲೆಕ್ಟ್ರಿಕ್. ದೊಡ್ಡ ಪ್ರಮಾಣದಲ್ಲಿ ಮಾಡೋರು ಹೆಚ್ಚುಕಡಿಮೆ ಇಷ್ಟೇ. ಸೋವ್ಟೆಕ್, ಎಲೆಕ್ಟ್ರೋ-ಹಾರ್ಮೋನಿಕ್ಸ್, ಟಂಗ್-ಸೋಲ್, ಈಗಿನ ಮುಲ್ಲಾರ್ಡ್, ಗೋಲ್ಡ್ ಲಯನ್ ಎಲ್ಲಾ ಆ ಒಂದೇ ಸರಾಟೋವ್‌ನಿಂದ ಬರೋದು. 2022ರ ಮಾರ್ಚ್‌ನಲ್ಲಿ ರಷ್ಯಾ ರಫ್ತು ತಡೆದಾಗ ಐದೂ ಹೆಸರು ಒಟ್ಟಿಗೇ ಅಂಗಡಿಗಳಿಂದ ಮಾಯವಾದದ್ದು ಇದಕ್ಕೇ. ಹಾಗಾಗಿ ಸ್ಪೇರ್ ಇಟ್ಟುಕೊಳ್ಳುವಾಗ ಎರಡು ಬ್ರ್ಯಾಂಡ್ ಅಲ್ಲ, ಎರಡು ಕಾರ್ಖಾನೆ ನೋಡಿ.

ಇಎಲ್34, 6ಎಲ್6, ಇಎಲ್84, 12ಎಎಕ್ಸ್7 ಟ್ಯೂಬ್‌ಗಳು ಸದ್ಯಕ್ಕೆ ಎಲ್ಲಿಗೂ ಹೋಗಲ್ಲ. ಅವನ್ನು ಉಳಿಸಿರೋದು ನಮ್ಮ ಆಡಿಯೋ ಹುಚ್ಚಲ್ಲ, ಗಿಟಾರ್ ಆಂಪ್‌ಗಳು. ಭಯ ಇರೋದು ಪಿಎಲ್519 ಥರದ ಹಳೆ ಟಿವಿ ಟ್ಯೂಬ್ ಬಳಸಿದ ಆಂಪ್‌ಗಳಿಗೆ. ಅಲ್ಲಿ ಹಳೆ ದಾಸ್ತಾನೇ ಗತಿ.

ಎಷ್ಟು ಸ್ಪೇರ್ ಬೇಕು? ದಿನಕ್ಕೆ 3 ಗಂಟೆ ಅಂದರೆ ವರ್ಷಕ್ಕೆ ಸುಮಾರು 1,100 ಗಂಟೆ. ಸರಿಯಾದ ಬಯಾಸ್‌ನಲ್ಲಿ ಇಎಲ್34ಗೆ 2,000 ಗಂಟೆ ಹಿಡಿದರೆ ಒಂದು ಸೆಟ್ ಎರಡು ವರ್ಷಕ್ಕೆ ಸ್ವಲ್ಪ ಕಡಿಮೆ ಬರುತ್ತದೆ. ಮ್ಯಾಚ್ ಮಾಡಿದ (ಒಂದೇ ಥರ ಕರೆಂಟ್ ಹರಿಸುವ) ನಾಲ್ಕರ ಎರಡು ಸೆಟ್, ಒಂದೆರಡು 12ಎಎಕ್ಸ್7 ಸಾಕು. 12ಎಎಕ್ಸ್7 ಥರದ ಚಿಕ್ಕ ಟ್ಯೂಬ್‌ಗಳು ಇದಕ್ಕಿಂತ ಎಷ್ಟೋ ಪಟ್ಟು ಬಾಳುತ್ತವೆ. ತಂದ ಸ್ಪೇರನ್ನು ಡಬ್ಬಿಯಲ್ಲೇ ಇಡಬೇಡಿ. ವಾಪಸ್ ಕೊಡುವ ಅವಧಿ ಮುಗಿಯುವ ಮೊದಲೇ ಆಂಪಿಗೆ ಹಾಕಿ 24 ಗಂಟೆಯಾದರೂ ಓಡಿಸಿ, ಪ್ರತಿ ಟ್ಯೂಬಿನ ಕರೆಂಟ್ ಬರೆದು ಅದರ ಡಬ್ಬಿಗೆ ಅಂಟಿಸಿ. ಕೆಡುವ ಟ್ಯೂಬ್ ಬಹುಪಾಲು ಶುರುವಿನಲ್ಲೇ ಕೆಡುತ್ತದೆ.

ಈಗ ಮುಖ್ಯ ವಿಷಯ: ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಉಳಿಸಿಕೊಳ್ಳೋದು. ಒಳಗೆ 400 ವೋಲ್ಟ್ ಮೇಲಿದೆ, ಪ್ಲಗ್ ಕಿತ್ತ ಮೇಲೂ ಇರುತ್ತದೆ. 10 ಕಿಲೋಓಮ್, 10 ವ್ಯಾಟ್ ರೆಸಿಸ್ಟರಿಗೆ ಇನ್ಸುಲೇಟೆಡ್ ಕ್ಲಿಪ್ ಹಾಕಿ ಫಿಲ್ಟರ್ ಕೆಪಾಸಿಟರುಗಳನ್ನು (ಪವರ್ ಸಪ್ಲೈನ ದೊಡ್ಡ ಕೆಪಾಸಿಟರುಗಳು) ಒಂದೊಂದಾಗಿ ಖಾಲಿ ಮಾಡಿ. 100 ಮೈಕ್ರೋಫ್ಯಾರಡ್‌ಗೆ 5 ಸೆಕೆಂಡ್ ಸಾಕು, ಆದರೂ ಮೀಟರಿನಲ್ಲಿ ನೋಡದೆ ಕೈ ಹಾಕಬೇಡಿ. ಇದೆಲ್ಲ ಹೊಸದಾಗಿದ್ದರೆ ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಟ್ಯೂಬ್ ಕಿತ್ತು, ಪ್ರೈಮರಿಯ (ಟ್ಯೂಬ್ ಕಡೆಯ ಸುರುಳಿ) ಸೆಂಟರ್ ಟ್ಯಾಪಿನಿಂದ (ನಡುವಿನ ತಂತಿ) ಎರಡೂ ತುದಿಗೆ ಓಮ್ ಅಳೆಯಿರಿ. ಎರಡು ಭಾಗಗಳ ನಡುವೆ 10-15 ಶೇಕಡಾ ವ್ಯತ್ಯಾಸ ಇರಬಹುದು, ಹೊರಗಿನ ಸುತ್ತುಗಳಿಗೆ ತಂತಿ ಹೆಚ್ಚು ಬೇಕಲ್ಲ. ಒಂದು ಕಡೆ ಓಪನ್ (ತಂತಿ ಕಡಿದಿದೆ) ಅಂತ ಬಂದರೆ ಕತೆ ಮುಗಿಯಿತು. ಎರಡೂ ಚಾನೆಲ್‌ನ ಅಂಕಿ ಬರೆದಿಟ್ಟುಕೊಳ್ಳಿ.

ಟ್ರಾನ್ಸ್‌ಫಾರ್ಮರ್ ಸುಡೋದು ಹೆಚ್ಚಾಗಿ ಬಯಾಸ್ ಕೈಕೊಟ್ಟಾಗ. ಬಯಾಸ್ ಪಾಟ್‌ನ (ಬಯಾಸನ್ನು ತಿರುಗಿಸಿ ಹೊಂದಿಸುವ ರೆಸಿಸ್ಟರ್) ವೈಪರ್ (ಒಳಗೆ ಜಾರುವ ಸಂಪರ್ಕ) ಧೂಳು ಕುಡಿದು ಸಂಪರ್ಕ ಬಿಟ್ಟರೆ ಗ್ರಿಡ್‌ನ (ಟ್ಯೂಬಿನ ಕರೆಂಟ್ ನಿಯಂತ್ರಿಸುವ ಜಾಲರಿ) ನೆಗೆಟಿವ್ ವೋಲ್ಟೇಜ್ ಹೋಗಿ ಟ್ಯೂಬ್ ಪೂರ್ತಿ ತೆರೆದುಕೊಳ್ಳುತ್ತದೆ, ಪ್ಲೇಟ್ ಕೆಂಪಾಗುತ್ತದೆ. ಇದಕ್ಕೆ ಮದ್ದು ಸುಲಭ: ವೈಪರ್‌ನಿಂದ ಪಾಟ್‌ನ ಅತಿ ನೆಗೆಟಿವ್ ತುದಿಗೆ ಒಂದು ರೆಸಿಸ್ಟರ್, ಪಾಟ್ ಬೆಲೆಯ ಹತ್ತು ಪಟ್ಟು. 10 ಕಿಲೋಓಮ್ ಪಾಟಿಗೆ 100 ಕಿಲೋಓಮ್. ಆಗ ವೈಪರ್ ಬಿಟ್ಟರೂ ಟ್ಯೂಬ್ ಆಫ್ ಆಗುತ್ತದೆಯೇ ಹೊರತು ಉರಿಯಲ್ಲ. ಹತ್ತು ವರ್ಷವಾಗಿದ್ದರೆ ಬಯಾಸ್ ಸಪ್ಲೈನ ಎಲೆಕ್ಟ್ರೋಲಿಟಿಕ್ ಕೂಡ ಬದಲಾಯಿಸಿ. ಅದರ ಪಾಸಿಟಿವ್ ಕಾಲು ನೆಲಕ್ಕೆ (ಸರ್ಕ್ಯೂಟಿನ ಗ್ರೌಂಡಿಗೆ) ಹೋಗುತ್ತದೆ. ಅಭ್ಯಾಸಬಲದಿಂದ ಉಲ್ಟಾ ಹಾಕೋರೇ ಹೆಚ್ಚು.

ಬಯಾಸ್ ಲೆಕ್ಕ: ಇಎಲ್34ನ ಪ್ಲೇಟ್ ಮಿತಿ 25 ವ್ಯಾಟ್. ಫಿಕ್ಸೆಡ್ ಬಯಾಸ್‌ನಲ್ಲಿ (ಗ್ರಿಡ್‌ಗೆ ಬೇರೆ ನೆಗೆಟಿವ್ ಸಪ್ಲೈ ಇರುವ ವಿಧ) ಅದರ 70 ಶೇಕಡಾ ಅಂದರೆ 17.5 ವ್ಯಾಟ್. ಪ್ಲೇಟ್‌ನಿಂದ ಕ್ಯಾಥೋಡ್‌ಗೆ 420 ವೋಲ್ಟ್ ಇದ್ದರೆ ಸುಮಾರು 42 ಮಿಲಿಆಂಪ್. ಕ್ಯಾಥೋಡ್‌ನಲ್ಲಿ ಅಳೆದರೆ ಸ್ಕ್ರೀನ್ (ಎರಡನೇ ಗ್ರಿಡ್) ಕರೆಂಟೂ ಸೇರುತ್ತದೆ, ಅದಕ್ಕೆ 5 ಮಿಲಿಆಂಪ್ ಸೇರಿಸಿಕೊಳ್ಳಿ. ಕ್ಯಾಥೋಡ್‌ನ 10 ಓಮ್ ರೆಸಿಸ್ಟರ್ ಮೇಲೆ 470 ಮಿಲಿವೋಲ್ಟ್ ಆಯಿತು. ಇದು ಮೇಲಿನ ಮಿತಿ. 400 ಮಿಲಿವೋಲ್ಟ್‌ಗೆ ಇಳಿಸಿದರೆ ಕಿವಿಗೆ ಗೊತ್ತಾಗೋದು ಕಮ್ಮಿ, ಟ್ಯೂಬಿನ ಆಯುಸ್ಸು ಮಾತ್ರ ಹೆಚ್ಚುತ್ತದೆ. ಎಸ್‌ಟಿ-70 ಪುಸ್ತಕದಲ್ಲಿ ಜೋಡಿಗೆ 15.6 ಓಮ್ ರೆಸಿಸ್ಟರ್ ಮೇಲೆ 1.56 ವೋಲ್ಟ್, ಅಂದರೆ ಟ್ಯೂಬಿಗೆ 50 ಮಿಲಿಆಂಪ್ ಅಂತಿದೆ; ಈಗಿನ ಟ್ಯೂಬಿಗೆ ಅಷ್ಟು ಬೇಡ. ಸ್ಕ್ರೀನ್ ರೆಸಿಸ್ಟರ್ ಇಲ್ಲದಿದ್ದರೆ ಟ್ಯೂಬಿಗೊಂದು 1 ಕಿಲೋಓಮ್, 5 ವ್ಯಾಟ್ ಹಾಕಿ.

ಕಪ್ಲಿಂಗ್ ಕೆಪಾಸಿಟರ್ (ಡ್ರೈವರಿನಿಂದ ಪವರ್ ಟ್ಯೂಬಿಗೆ ಸಿಗ್ನಲ್ ದಾಟಿಸುವುದು) ಸೋರುತ್ತಿದೆಯಾ ನೋಡಲು ಇಎಲ್34 ಕಿತ್ತು ಆನ್ ಮಾಡಿ, ಗ್ರಿಡ್ ಲೀಕ್ ರೆಸಿಸ್ಟರಿನ (ಗ್ರಿಡ್‌ಗೆ ಬಯಾಸ್ ತಲುಪಿಸುವುದು) ಎರಡು ತುದಿಗಳ ನಡುವೆ ಅಳೆಯಿರಿ. ಸೊನ್ನೆ ಇರಬೇಕು. 100 ಮಿಲಿವೋಲ್ಟ್ ದಾಟಿದರೆ ತೆಗೆದು ಬಿಸಾಡಿ. ಲೋಡ್ ಇಲ್ಲದ್ದರಿಂದ ಎಚ್‌ಟಿ (ಪ್ಲೇಟ್‌ಗಳಿಗೆ ಹೋಗುವ ಹೆಚ್ಚಿನ) ವೋಲ್ಟೇಜ್ ಮೇಲೇರುತ್ತದೆ, 450 ವೋಲ್ಟಿನ ಕೆಪಾಸಿಟರುಗಳಿಗೆ ಅದು ಹೆಚ್ಚಾಗಬಹುದು. ಬೇಗ ಅಳೆದು ಆಫ್ ಮಾಡಿ. ಜಿಝಡ್34 ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ಟ್ಯೂಬ್) ಇದ್ದರೆ ಮೊದಲ ಫಿಲ್ಟರ್ ಕೆಪಾಸಿಟರ್ 60 ಮೈಕ್ರೋಫ್ಯಾರಡ್ ದಾಟಬಾರದು. 'ದೊಡ್ಡದಿದ್ದರೆ ಬಾಸ್ ಚೆನ್ನಾಗಿರುತ್ತೆ' ಅಂತ 220 ಹಾಕಿದರೆ ಆನ್ ಮಾಡಿದಾಗಿನ ಕರೆಂಟಿಗೇ ರೆಕ್ಟಿಫೈಯರ್ ಹೋಗುತ್ತದೆ.

ಇಎಲ್34ನ ಹೀಟರ್ (ಟ್ಯೂಬನ್ನು ಬಿಸಿ ಮಾಡುವ ತಂತಿ) ಪಿನ್ 2 ಮತ್ತು 7ರ ನಡುವೆ ಎಸಿ ಅಳೆಯಿರಿ. 6.3 ವೋಲ್ಟ್ ಬೇಕು. 220 ವೋಲ್ಟಿಗೆ ಸುತ್ತಿದ ಆಂಪಿಗೆ 240 ಬಂದರೆ ಅದು 6.9ರ ಹತ್ತಿರ ಹೋಗುತ್ತದೆ, ಅಲ್ಲಿಗೆ ಮಿತಿ ಮುಗಿಯಿತು. 12 ವೋಲ್ಟ್, 3 ಆಂಪಿಯರ್ ಟ್ರಾನ್ಸ್‌ಫಾರ್ಮರಿನ ಸೆಕೆಂಡರಿಯನ್ನು ಮೇನ್ಸ್ ಜೊತೆ ವಿರುದ್ಧ ಫೇಸಿನಲ್ಲಿ ಸರಣಿಯಾಗಿ ಸೇರಿಸಿದರೆ 228ಕ್ಕೆ ಇಳಿಯುತ್ತದೆ. ಫೇಸ್ ತಪ್ಪಿದರೆ 252 ಆಗುತ್ತದೆ, ಆಂಪ್ ಜೋಡಿಸುವ ಮೊದಲು ಬಲ್ಬ್ ಹಾಕಿ ಅಳೆದು ನೋಡಿ.

ಸ್ಪೀಕರ್ ಇಲ್ಲದೆ ಹಾಡು ಹಚ್ಚಬೇಡಿ, ಇದನ್ನು ಮನೆಯವರಿಗೂ ಹೇಳಿಡಿ.

ನಿಮ್ಮ ಆಂಪಿನ ಪ್ಲೇಟ್ ವೋಲ್ಟೇಜ್, ಕ್ಯಾಥೋಡ್ ರೆಸಿಸ್ಟರ್ ಬೆಲೆ, ಕೆಳಭಾಗದ ಒಂದು ಸ್ಪಷ್ಟ ಫೋಟೋ ಇಲ್ಲಿ ಹಾಕಿ. ಆಟೋ ಬಯಾಸ್ ಬೋರ್ಡ್ ಇದೆಯಾ ಅಂತಲೂ ತಿಳಿಸಿ. ಇದ್ದರೆ ಮೇಲಿನ ಪಾಟ್ ಬದಲಾವಣೆ ಮಾಡಬೇಡಿ, ಅದಕ್ಕೆ ದಾರಿ ಬೇರೆ.