ಆನೆಗೆ ಹೆದರಿ ಮಗಳನ್ನು ಹಾಸ್ಟೆಲಿಗೆ ಸೇರಿಸಲೇ?

ಪ್ರಶ್ನೆ: ಕೊಡಗಿನ ಸಿದ್ದಾಪುರದ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಏಳನೇ ಕ್ಲಾಸಿನ ಮಗಳು ಬೆಳಗ್ಗೆ ಆರೂವರೆಗೆ ತೋಟದ ದಾರಿಯಲ್ಲಿ ನಡೆದು ಬಸ್ಸು ಹಿಡಿಯುತ್ತಾಳೆ. ಆನೆ ಭಯಕ್ಕೆ ನನಗೆ ನಿದ್ದೆಯಿಲ್ಲ. ಮೈಸೂರಿನ ಹಾಸ್ಟೆಲಿಗೆ ಸೇರಿಸೋಣ ಎಂದರೆ, ‘ಅಜ್ಜನ ಕಾಲದಿಂದ ಆನೆ ನೋಡಿದ್ದೇವೆ’ ಎಂದು ಯಜಮಾನರು ನಗುತ್ತಾರೆ. ಅಲ್ಯೂಮಿನಿಯಂ ಏಣಿ ಹೊತ್ತು ಒಬ್ಬರೇ ಮೆಣಸು ಕೊಯ್ಯಲು ಹೋಗುವ ಮನುಷ್ಯ, ಯಾವುದಕ್ಕೂ ಹೆದರುವುದಿಲ್ಲ. ನಾನೇ ಜಾಸ್ತಿ ಯೋಚಿಸುತ್ತಿದ್ದೇನಾ?

ಉತ್ತರ: ಸಿದ್ದಾಪುರದ ಕಡೆಯವರು ಆನೆಗೆ ಹೆದರಿದರೆ ಅದು ಪುಕ್ಕಲುತನವಲ್ಲ. ಆದರೆ ನೀವಿಬ್ಬರೂ ಬೇರೆ ಬೇರೆ ವಿಷಯ ಹಿಡಿದು ಜಗಳವಾಡುತ್ತಿದ್ದೀರಿ. ನಿಮ್ಮದು ಅಪಾಯದ ಮಾತು: ಆನೆ ಇದೆ, ಕೊಲ್ಲಬಲ್ಲದು. ಅವರದು ರಿಸ್ಕಿನ ಮಾತು: ಅದು ನಮಗೆ ಎದುರಾಗುವುದು ಎಷ್ಟು ಸಲ? ಆನೆಯನ್ನು ಇಲ್ಲವಾಗಿಸುವುದು ನಿಮ್ಮ ಕೈಲಿಲ್ಲ. ಎದುರಾಗುವುದನ್ನು ಕಡಿಮೆ ಮಾಡುವುದು ಇದೆ.

ಅವರ ಲೆಕ್ಕವೂ ಹಳೆಯದು. ಅಜ್ಜನ ಕಾಲದಲ್ಲಿ ಆನೆ ಬಂದು ಹೋಗುತ್ತಿತ್ತು. ಈಗ ಎಷ್ಟೋ ಆನೆಗಳು ತೋಟದಲ್ಲೇ ಬೀಡುಬಿಟ್ಟಿವೆ, ಅಲ್ವಾ? ಅವು ಹೆಚ್ಚಾಗಿ ಓಡಾಡುವುದು ಸಂಜೆಯಿಂದ ಬೆಳಗಿನ ತನಕ. ಮಂಜು ಮುಸುಕಿದ ಆರೂವರೆ ಗಂಟೆ, ಎರಡೂ ಕಡೆ ತಲೆಮಟ್ಟದ ಕಾಫಿ ಗಿಡ, ಹುಡುಗಿ ಒಬ್ಬಳೇ. ಇಲ್ಲಿ ರಿಸ್ಕ್ ನಿಜಕ್ಕೂ ಜಾಸ್ತಿ. ಅದೇ ದಾರಿಯಲ್ಲಿ ಮಧ್ಯಾಹ್ನ ಅಷ್ಟಿಲ್ಲ. ಹಾಗಾಗಿ ಬೆಳಗ್ಗೆ ಅಪ್ಪನೇ ಗಾಡಿಯಲ್ಲಿ ಬಸ್ಸಿನ ತನಕ ಬಿಟ್ಟು ಬರಲಿ. ಆ ದಾರಿಯ ಪಕ್ಕದ ಹಲಸಿನಕಾಯಿಗಳನ್ನು ಹಣ್ಣಾಗುವ ಮೊದಲೇ ಇಳಿಸಿಬಿಡಿ. ವಾಸನೆ ಹಿಡಿದು ಬಂದ ಆನೆ ಸುಲಭಕ್ಕೆ ಹೋಗುವುದಿಲ್ಲ.

ಮೈಸೂರಿನಲ್ಲಿ ದಸರಾ ಬಿಟ್ಟರೆ ಆನೆ ಕಾಟವಿಲ್ಲ, ಒಪ್ಪಿದೆ. ಆದರೆ ಅಲ್ಲಿನ ಟ್ರಾಫಿಕ್ಕು, ಹನ್ನೆರಡರ ಹುಡುಗಿಯ ಒಂಟಿತನ ಇವನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲ. ಅವಳನ್ನು ಯಾರಾದರೂ ಕೇಳಿದಿರಾ?

ನಿಜ ಹೇಳಬೇಕೆಂದರೆ, ನನಗೆ ಆನೆಗಿಂತ ಹೆಚ್ಚು ಹೆದರಿಕೆಯಾದದ್ದು ನೀವು ಸುಮ್ನೆ ಬರೆದ ಆ ಏಣಿಯ ಸಾಲು ಓದಿ. ಮೆಣಸಿನ ಬಳ್ಳಿ ಹಬ್ಬಿಸಿದ ಸಿಲ್ವರ್ ಓಕ್ ಮರಗಳ ನಡುವೆ ಎಷ್ಟೋ ಕಡೆ ಕರೆಂಟಿನ ತಂತಿ ಹಾದಿರುತ್ತದೆ. ಒಂದು ಮರದಿಂದ ಇನ್ನೊಂದಕ್ಕೆ ಏಣಿಯನ್ನು ನೆಟ್ಟಗೆ ಎತ್ತಿಕೊಂಡೇ ಸಾಗಿಸುತ್ತಾರೆ. ತುದಿ ತಂತಿಗೆ ತಾಗಿ ಜೀವ ಕಳೆದುಕೊಂಡವರು ಕೊಡಗಿನ ತೋಟಗಳಲ್ಲಿ ಇದ್ದಾರೆ. ತಂತಿ ಘೀಳಿಡುವುದಿಲ್ಲ, ಲದ್ದಿ ಹಾಕುವುದಿಲ್ಲ. ಅದಕ್ಕೇ ಯಾರ ನಿದ್ದೆಯೂ ಕೆಡುವುದಿಲ್ಲ. ತಂತಿ ಇರುವ ಕಡೆ ಅಲ್ಯೂಮಿನಿಯಂ ಏಣಿ ಬೇಡವೇ ಬೇಡ. ಬೇರೆ ಕಡೆಯೂ ಏಣಿಯನ್ನು ಮಲಗಿಸಿ, ಇಬ್ಬರು ಹಿಡಿದು ಸಾಗಿಸಲಿ. ಈ ಮಾತನ್ನು ಇವತ್ತು ರಾತ್ರಿ ಊಟಕ್ಕೆ ಕೂತಾಗಲೇ ಎತ್ತಿ. ಹಾಸ್ಟೆಲಿನ ವಿಷಯ ಮುಂದಿನ ಜೂನ್ ತನಕ ಕಾಯುತ್ತದೆ.